ಸೀಜನ್ ಮುಗಿಯುವ ತನಕ

ಹನ್ನೊಂದು ಹುಡುಗಿಯರು ಎರಡು ತಿಂಗಳು ಕಲ್ಲು ಆಯ್ದರು. ಕಾಲೇಜಿನ ಹಿಂದಿನ ಎರೆಭೂಮಿಯ ತುಂಬ ಬಿರುಕು. ಹಾಕಿ ಚೆಂಡು ಒಳಗೆ ಬಿದ್ದರೆ ಮೊಣಕೈವರೆಗೆ ಕೈ ಇಳಿಸಿ ತೆಗೆಯಬೇಕು. ಆ ಬಿರುಕುಗಳಿಗೆ ಸಕ್ಕರೆ ಕಾರ್ಖಾನೆಯ ಬೂದಿ ತುಂಬಿದರು, ಮೇಲೆ ಗರಸು ಮಣ್ಣು ಹರಡಿ ನೀರು ಹೊಡೆದರು, ಕಲ್ಲಿನ ರೋಲರಿಗೆ ಹಗ್ಗ ಕಟ್ಟಿ ತಾವೇ ಎಳೆದರು. ಅಂಗೈಯ ಗುಳ್ಳೆ ಒಡೆದವಳು ಓಡಣಿ ಸುತ್ತಿಕೊಂಡು ಎಳೆದಳು. ಕಾಲೇಜಿನವರು ಇದಕ್ಕೆ ಶ್ರಮದಾನ ಎಂದು ಹೆಸರಿಟ್ಟರು. ದಾನ ಕೊಟ್ಟವರು ಹತ್ತಿ ಬಿಡಿಸುವವರ ಮಕ್ಕಳು, ತೆಗೆದುಕೊಂಡವರು ಕಾಲೇಜಿನ ಸೆಕ್ರೆಟರಿ ಮಲ್ಲಣ್ಣನವರು.

ಅದೇ ಕಾಲೇಜಿನಲ್ಲಿ ಓದುವ ಆ ಹುಡುಗಿಯರನ್ನು ಹೊಲದಿಂದ ಎಬ್ಬಿಸಿ ತಂದವಳು ಜೀನತ. ಜೇವರ್ಗಿಯವಳು, ಹಿಂದೆ ಕ್ರೀಡಾ ಹಾಸ್ಟೆಲಿನಲ್ಲಿದ್ದು ಹಾಕಿ ಆಡಿದವಳು. ಈಗ ಈ ಕಾಲೇಜಿನಲ್ಲಿ ಆಟ ಕಲಿಸುವ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಹೋಳಿಗೆ ಹಾಕಿ ಕೂರಿಸುವವರು ಅಂದುಕೊಳ್ಳಬೇಡಿ. ಯಾವ ದಿನ ಬೇಕಾದರೂ ಎದ್ದು ಹೋಗು ಅನ್ನಿಸಿಕೊಳ್ಳುವವರು.

ಸೆಪ್ಟೆಂಬರಿನಲ್ಲಿ ಮಲ್ಲಣ್ಣನವರು ಅವಳನ್ನು ಕರೆದು ಹೇಳಿದ್ದರು: "ನಮ್ಮ ಯೂನಿವರ್ಸಿಟಿ ಸಣ್ಣದ್ರಿ ಮೇಡಂ. ಈ ತಾಲೂಕಿನ್ಯಾಗ ಯಾವ ಕಾಲೇಜಿಗೂ ಹುಡುಗೀರ ಹಾಕಿ ಟೀಮ್ ಇಲ್ಲ. ನಮ್ದೇ ಮೊದಲನೇದು ಆಗ್ಲಿ. ನೀವು ಗ್ರೌಂಡ್ ಮಾಡಸ್ರಿ, ಯೂನಿವರ್ಸಿಟಿ ಕಮಿಟಿ ಬಂದು ನೋಡಿ ಒಪ್ಪತದ. ಜನವರಿಗಿ ಹುಡುಗೀರು ಕಾಲೇಜ್ ಕಾಲೇಜ್ ನಡುವಿನ ಪಂದ್ಯ ಆಡತಾರ."

ಆ ಮಾತು ಹೊತ್ತು ಜೀನತ ಮನೆಮನೆ ತಿರುಗಿದಳು. ಆ ಹನ್ನೊಂದರಲ್ಲಿ ಒಬ್ಬಳಾದ ಅಮೃತಳ ತಾಯಿ ಕಸ್ತೂರಿಬಾಯಿ ಸುಲಭಕ್ಕೆ ಬಗ್ಗುವವಳಲ್ಲ.

"ಮಗಳು ಹತ್ತಿ ಬಿಡಸಾಕ ಬರಲಿಲ್ಲಂದ್ರ ಒಲಿ ಮ್ಯಾಲ ನಾ ಏನ್ ಇಡಬೇಕ್ರಿ?"

"ಜನವರಿ ತನಕ ತಡೀರಿ ಅಕ್ಕಾ. ಆಡಸ್ತೇನಿ. ನಾ ಮಾತು ಕೊಡ್ತೇನಿ."

ನವೆಂಬರ್ ಕೊನೆಗೆ ಕಮಿಟಿ ಬಂತು. ಟೇಪು ಹಿಡಿದು ಮೈದಾನ ಅಳೆದರು, ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು, ಹೊಟ್ಟೆ ತುಂಬ ಉಂಡು ಒಪ್ಪಿಗೆ ಬರೆದು ಹೋದರು. ಮೂರನೆಯ ದಿನ ಬೆಳಗ್ಗೆ ಬಸ್ಸಿಳಿದು ಬಂದ ಜೀನತಳಿಗೆ ಮೈದಾನವೇ ಕಾಣಲಿಲ್ಲ. ಗೋಲಿನ ಕಂಬದವರೆಗೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ನಿಂತಿದ್ದವು. ಕಾರ್ಖಾನೆಯ ಅಂಗಳ ತುಂಬಿ, ಪಾಳಿ ಕಾಯುವ ಗಾಡಿಗಳಿಗೆ ಜಾಗ ಬೇಕಾಗಿತ್ತು. ಮಲ್ಲಣ್ಣನವರು ಮೈದಾನವನ್ನು ಬಾಡಿಗೆಗೆ ಬಿಟ್ಟಿದ್ದರು.

ಅಮೃತ ಸ್ಟಿಕ್ಕು ಹಿಡಿದು ಗೇಟಿನಲ್ಲೇ ನಿಂತಿದ್ದಳು. "ಮೇಡಂ, ಇದನ್ನ ಯಾರ ಸಲುವಾಗಿ ಮಾಡಿದ್ವಿ?"

ಜೀನತ ನೆಟ್ಟಗೆ ಆಫೀಸಿಗೆ ನಡೆದಳು.

"ಸೀಜನ್ ಮುಗಿಯೋ ತನಕ ತಡೀರಿ," ಅಂದರು ಮಲ್ಲಣ್ಣ. "ಮಾರ್ಚಿಗಿ ಖಾಲಿ ಆಗತದ."

"ಪಂದ್ಯ ಜನವರಿಗಿ ಅದರಿ."

"ಆಡೋದ್ಯಾಕ್ರಿ? ಆಡ್ಯಾರಂತ ಹನ್ನೊಂದೂ ಮಂದಿಗಿ ಸರ್ಟಿಫಿಕೇಟ್ ಕೊಡಸ್ತೇನಿ. ನೌಕರಿಗಿ ಅರ್ಜಿ ಹಾಕಾಕ ಬರತದ. ದಿನಾ ಪ್ರಾಕ್ಟೀಸ್ ಆಗ್ಯಾದಂತ ನೀವು ಇಲ್ಲಿ ಸಹಿ ಮಾಡ್ರಿ. ಮುಂದಿನ ವರ್ಷ ನಿಮ್ಮ ನೌಕರಿ ಕಾಯಂ ಮಾಡೋದೂ ಏನರ ನೋಡೋಣು."

ಪೆನ್ನನ್ನೂ ಅವರೇ ಮುಂದಿಟ್ಟರು. ಜೀನತ ಅದನ್ನು ಮುಟ್ಟಲಿಲ್ಲ. ಆದರೆ ಆಗೋದಿಲ್ಲ ಎನ್ನುವ ಧೈರ್ಯವೂ ಬರಲಿಲ್ಲ. "ನಾಳಿಗಿ ಮಾಡ್ತೇನ್ರಿ," ಎಂದು ಹೊರಗೆ ಬಂದಳು.

ಅವತ್ತು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವಳಿಗೆ ಕೂರಲಾಗಲಿಲ್ಲ. ಮನೆಯಲ್ಲಿ ರೊಟ್ಟಿ ಮುರಿದಳು, ತಿನ್ನಲಿಲ್ಲ. ಬಾಗಿಲಿಗೂ ಒಲೆಗೂ ನಡೆದಾಡಿದಳು. ಮಲ್ಲಣ್ಣ ಮೋಸಗಾರನೇ ಸರಿ, ಆದರೆ ಆ ಮೋಸ ಮನೆಮನೆ ಮುಟ್ಟಿದ್ದು ತನ್ನ ಬಾಯಿಂದ. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಗ್ಗೆ ಗೇಟಿನ ಮುಂದೆ ಹುಡುಗಿಯರನ್ನು ಕೂಡಿಸಿ ಎಲ್ಲವನ್ನೂ ಹೇಳಿದಳು, ಪೆನ್ನಿನ ವಿಷಯವನ್ನೂ ಬಿಡಲಿಲ್ಲ. ಅವರಲ್ಲಿ ಇರಮ ಎಂಬವಳು ತಲೆ ತಗ್ಗಿಸಿ, "ನಂಗ ಸರ್ಟಿಫಿಕೇಟ್ ಬೇಕ್ರಿ ಮೇಡಂ. ಮನ್ಯಾಗ ಅಬ್ಬಾ ಬೈತಾರ," ಅಂದಳು. ಸುಮಂಗಲಾ ಕೂಡ ಅವಳ ಹಿಂದೆ ಎದ್ದು ಹೋದಳು. ಯಾರೂ ತಡೆಯಲಿಲ್ಲ. ಉಳಿದವರು ಒಂಬತ್ತು.

ಹೊಲಕ್ಕೆ ಹೊರಟಿದ್ದ ಕಸ್ತೂರಿಬಾಯಿ ಬುತ್ತಿ ಹಿಡಿದೇ ಅಲ್ಲಿ ನಿಂತು ಎಲ್ಲ ಕೇಳಿದ್ದಳು. "ನಂಗ ಸೆಕ್ರೆಟರಿ ಗೊತ್ತಿಲ್ರಿ. ಮಾತು ಕೊಟ್ಟೋರು ನೀವು. ಆಡಸ್ರಿ."

"ಜಾಗ ಎಲ್ಲಿ ಅದ ಅಕ್ಕಾ?"

ಕಸ್ತೂರಿಬಾಯಿ ಮೈದಾನದ ಗೇಟಿನಿಂದ ಕಾರ್ಖಾನೆಗೆ ಹೋಗುವ ಡಾಂಬರು ರಸ್ತೆ ತೋರಿಸಿದಳು. "ಅಲ್ಲೇ ಅದಲ್ಲ."

ಒಂದು ಕಡೆ ಐವರು, ಇನ್ನೊಂದು ಕಡೆ ನಾಲ್ವರು ನಿಂತರು. ಜೀನತ ಸೀಟಿ ಊದಿದಳು. ಒಳಗಿನ ಟ್ರ್ಯಾಕ್ಟರುಗಳು ಹೊರಬರದೆ ನಿಂತವು, ಹೊರಗಿನವು ಒಳಹೋಗದೆ ನಿಂತವು. ಮೊದಲು ಹಾರ್ನು ಹೊಡೆದರು. ಆಮೇಲೆ ದತ್ತಪ್ಪನೆಂಬ ಡ್ರೈವರ್ ಎಂಜಿನ್ ಆರಿಸಿ ಇಳಿದ. "ಎರಡು ದಿನ ಆತು ಪಾಳಿ ಕಾಯಾಕತ್ತಿ. ಇನ್ನೊಂದು ತಾಸು ನಿಂತರ ಏನಾಗತದ," ಎಂದು ರಸ್ತೆಯ ದಂಡೆಗೆ ಕೂತ.

ಮಲ್ಲಣ್ಣನವರ ಕಾರು ಬಂತು.

"ರಸ್ತೆ ಆಡೋ ಜಾಗ ಏನ್ರೇ ಇದು?"

"ಆಡೋ ಜಾಗದಾಗ ನೀವು ಗಾಡಿ ನಿಲ್ಲಿಸೀರಿ," ಅಂದಳು ಅಮೃತ. "ನಾವು ಗಾಡಿ ಹೋಗೋ ಜಾಗದಾಗ ಆಡಾಕತ್ತೇವಿ."

ಅವರು ಅವಳನ್ನು ಬಿಟ್ಟು ಜೀನತಳ ಕಡೆ ತಿರುಗಿದರು. "ಇವತ್ತಿನಿಂದ ನೀ ನಮ್ಮ ಕಾಲೇಜಿನಾಕಿ ಅಲ್ಲ. ನಡಿ ಇಲ್ಲಿಂದ."

ಜೀನತಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಆದರೂ ನಿನ್ನೆಯಿಂದ ತನ್ನ ಮೇಲೇ ಆಗಿದ್ದ ಹೇಸಿಗೆ ಆ ಮಾತಿಗೆ ತುಸು ತಗ್ಗಿತು.

"ಆಯ್ತ್ರಿ. ಹಂಗಾದ್ರ ನಾ ಇನ್ನ ಮೇಡಂ ಅಲ್ಲ." ಸೀಟಿಯನ್ನು ಕೊರಳಿಂದ ತೆಗೆದು ಕಸ್ತೂರಿಬಾಯಿಯ ಕೈಗೆ ಕೊಟ್ಟಳು. "ಆ ಕಡಿ ನಾಕೇ ಮಂದಿ ಅದಾರ," ಎಂದು ಒಂದು ಸ್ಟಿಕ್ಕು ಎತ್ತಿಕೊಂಡು ಅವರ ಜೊತೆ ನಿಂತಳು.

ಕಸ್ತೂರಿಬಾಯಿಗೆ ಸೀಟಿ ಯಾವಾಗ ಊದಬೇಕೆಂದು ಗೊತ್ತಿರಲಿಲ್ಲ. ಮಲ್ಲಣ್ಣನವರು ಬಾಯಿ ತೆರೆದಾಗಲೆಲ್ಲ ಊದಿದಳು.