ಅರ್ಧ ಅವಳ ಹೆಸರಲ್ಲಿ, ಅರ್ಧ ಅವನ ಹೆಸರಲ್ಲಿ

ಗಂಡ ಹೆಂಡತಿ ಜಗಳವಿಲ್ಲದೆ ಬಾಳಬೇಕಾದರೆ ಅವರು ಭೇಟಿಯಾಗಲೇಬಾರದು. ನಂಬಿಕೆ ಬಾರದಿದ್ದರೆ ನಮ್ಮ ಬಸ್ಸಿನ ಡ್ರೈವರಮ್ಮನ ಸಂಸಾರ ನೋಡಿ. ನಸುಕಿನಲ್ಲಿ ಡಿಪೋಗೆ ಹೊರಡಲು ಅವಳು ಬಾಗಿಲಲ್ಲಿ ಶೂ ಹಾಕಿಕೊಳ್ಳುವಾಗ, ಬೇಕರಿಯಲ್ಲಿ ರಾತ್ರಿಯಿಡೀ ಬ್ರೆಡ್ಡು ಬೇಯಿಸಿ ಬಂದ ಗಂಡ ಅದೇ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ. ಸಂಜೆ ಅವಳು ಮನೆ ಸೇರುವಷ್ಟರಲ್ಲಿ ಅವನು ಹಿಟ್ಟು ನಾದಲು ಹೊರಟುಹೋಗಿರುತ್ತಿದ್ದ. ವಾರದ ರಜೆಯೂ ಬೇರೆ ಬೇರೆ ದಿನ. ಇದ್ದ ಒಂದು ಮಂಚಕ್ಕೆ ಮಾತ್ರ ಪಾಪ, ಎರಡು ಶಿಫ್ಟು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಒಲೆ ಹಚ್ಚದೆ, ಪಾತ್ರೆ ತೊಳೆಯದೆ, ಗಡಿಯಾರದ ಮುಖ ನೋಡದೆ ನಾಲ್ಕು ದಿನ ಅವನ ಜೊತೆ ಹರಟಬೇಕು. ಅಂಥ ರೆಸಾರ್ಟುಗಳಿವೆ, ಕೋಣೆ, ಊಟ, ಐಸ್‌ಕ್ರೀಮು, ಈಜುಕೊಳ ಎಲ್ಲ ಬಾಡಿಗೆಯಲ್ಲೇ ಸೇರಿರುತ್ತದೆ ಎಂದು ಯಾರೋ ಪ್ರಯಾಣಿಕರು ಹೇಳಿದ್ದರು. ಬಾಡಿಗೆ ಕೇಳಿದಾಗ ಎದೆ ಧಸಕ್ಕೆಂದಿತು. ಆದರೆ ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದಾಗ ಸಿಗುವ ಪಾಯಿಂಟುಗಳನ್ನು ಹೋಟೆಲಿನ ಪಾಯಿಂಟಾಗಿ ಬದಲಾಯಿಸಿಕೊಂಡರೆ ಕೈಯಿಂದ ಬಿಡಿಗಾಸೂ ಬಿಚ್ಚಬೇಕಾಗಿಲ್ಲವಂತೆ!

ಅವತ್ತಿನಿಂದ ಅವಳಿಗೆ ಪಾಯಿಂಟಿನ ಹುಚ್ಚು ಹಿಡಿಯಿತು. ಡಿಪೋದ ಕ್ಯಾಂಟೀನಿನಲ್ಲಿ ಯಾರು ಏನು ತಿಂದರೂ ಕಾರ್ಡು ಉಜ್ಜುವವಳು ಇವಳು, ಅವರಿಂದ ನಗದು ಇಸಿದುಕೊಳ್ಳುವವಳೂ ಇವಳೇ. ನಾದಿನಿ ಫ್ರಿಜ್ಜು ಕೊಳ್ಳುತ್ತಾಳೆಂದು ಗೊತ್ತಾದಾಗ ಎದ್ದೆನೋ ಬಿದ್ದೆನೋ ಎಂದು ಅಂಗಡಿಗೆ ಓಡಿದಳು. ಡಿಪೋದವರು ಅವಳಿಗೆ ಪಾಯಿಂಟಮ್ಮ ಎಂದೇ ಹೆಸರಿಟ್ಟರು. ಗಂಡನೂ ಕಡಿಮೆಯೇನಲ್ಲ. ಬೇಕರಿಯ ಯಜಮಾನರನ್ನು ಒಪ್ಪಿಸಿ, ಮೈದಾ ಮೂಟೆಯಿಂದ ಹಿಡಿದು ಬೆಣ್ಣೆಯವರೆಗೆ ಎಲ್ಲವನ್ನೂ ತನ್ನ ಕಾರ್ಡಿನಲ್ಲೇ ತರಿಸತೊಡಗಿದ. ಹೋಟೆಲಿನವರ ಹತ್ತಿರ ಇಬ್ಬರದೂ ಬೇರೆ ಬೇರೆ ಖಾತೆ. ಒಂದು ಬುಕಿಂಗಿಗೆ ಒಂದೇ ಖಾತೆಯ ಪಾಯಿಂಟು ನಡೆಯುತ್ತದೆ, ಬೇಕಾದರೆ ಒಬ್ಬರದನ್ನು ಇನ್ನೊಬ್ಬರ ಖಾತೆಗೆ ಕಳಿಸಬಹುದು. ಇಬ್ಬರ ಪಾಯಿಂಟೂ ಕೂಡಿದರೆ ನಾಲ್ಕು ರಾತ್ರಿಗೆ ಸರಿಹೋಗುತ್ತಿತ್ತು.

ಅಷ್ಟರಲ್ಲಿ ಬೇಕರಿಯ ಒಲೆ ಕೆಟ್ಟಿತು. ರಿಪೇರಿಗೆಂದು ಒಂದು ವಾರ ಬಾಗಿಲು ಹಾಕುತ್ತೇವೆ ಎಂದರು ಯಜಮಾನರು. ಇವಳು ಮೇಲ್ವಿಚಾರಕರ ಹಿಂದೆ ಬಿದ್ದು, ಕಾಡಿ ಬೇಡಿ ಅದೇ ವಾರಕ್ಕೆ ರಜೆ ಗಿಟ್ಟಿಸಿದಳು. ಪಾಯಿಂಟಿಗೆ ಸಿಗುವ ಕೋಣೆಗಳು ಮಾತ್ರ ಯಾರೋ ಕೈಬಿಟ್ಟಾಗ ಕಾಣಿಸಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತಿದ್ದವು.

ಒಂದು ಮಧ್ಯಾಹ್ನ ಬಸ್ಸು ನಿಲ್ಲಿಸಿ ಫೋನು ನೋಡಿದರೆ, ಕೋಣೆ ಇದೆ! ಒಂದೇ ಒಂದು! ಮುಂದೆ ಆದದ್ದು ಈ ದಂಪತಿಗೆ ಮಾತ್ರ ಆಗಬಹುದಾದ ಎಡವಟ್ಟು. ಇನ್ನೊಬ್ಬರಿಗೆ ಬೇಕಾದದ್ದನ್ನೆಲ್ಲ ಸಿದ್ಧಮಾಡಿಟ್ಟು ಹೊರಡುವುದು ಆ ಮನೆಯ ರೂಢಿ. ಅವನೆದ್ದಾಗ ಊಟ ಮುಚ್ಚಿಟ್ಟಿರಬೇಕು, ಅವಳು ಬಂದಾಗ ಬಟ್ಟೆ ಮಡಿಸಿಟ್ಟಿರಬೇಕು. ಅದೇ ಅಭ್ಯಾಸದಲ್ಲಿ, ಅವನು ಎದ್ದಾಗ ಬುಕ್ ಮಾಡಲು ಸಿದ್ಧವಿರಲಿ ಎಂದು ತನ್ನ ಪಾಯಿಂಟನ್ನೆಲ್ಲ ಅವನ ಖಾತೆಗೆ ಕಳಿಸಿದಳು. ಅವನು ಆಗಲೇ ಎದ್ದು ಕೋಣೆ ನೋಡಿದ್ದ. ಅವಳು ಬಸ್ಸು ನಿಲ್ಲಿಸಿದಾಗ ಸಿದ್ಧವಿರಲಿ ಎಂದು ತನ್ನದನ್ನೆಲ್ಲ ಅವಳ ಖಾತೆಗೆ ಕಳಿಸಿಬಿಟ್ಟಿದ್ದ.

"ರೀ, ನನ್ನ ಖಾತೇಲಿ ಇರೋದು ನಿಮ್ಮದು!" ಎಂದಳು ಫೋನಿನಲ್ಲಿ.

"ಅಯ್ಯೋ, ನನ್ನ ಖಾತೇಲಿ ಇರೋದು ನಿಂದು ಕಣೇ!"

ಹೋಟೆಲಿಗೆ ಫೋನು ಮಾಡಿದಳು. "ಮೇಡಂ, ಒಂದು ಸಲ ಕಳಿಸಿದ್ದನ್ನ ಒಂದು ತಿಂಗಳು ಬೇರೆಯವರಿಗೆ ಕಳಿಸೋ ಹಾಗಿಲ್ಲ. ಅದರಲ್ಲಿ ಕೋಣೆ ಬೇಕಾದ್ರೆ ಬುಕ್ ಮಾಡ್ಕೋಬಹುದು," ಎಂದಳು ಅಲ್ಲಿಯ ಹುಡುಗಿ.

ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ. ಕಣ್ಣಲ್ಲಿ ನೀರು ತುಂಬಿಕೊಂಡೇ ಅವಳು ಬಸ್ಸು ಹೊರಡಿಸಿದಳು. ಈ ವಾರ ತಪ್ಪಿದರೆ ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದು ಯಾವ ಕಾಲಕ್ಕೋ. ಅಳು ಬಂದಷ್ಟೇ ಅವನ ಮೇಲೆ ಪ್ರೀತಿಯೂ ಬಂತು, ಕೋಪವೂ ಬಂತು. ಎದುರಿಗೆ ದೂರದ ಊರಿನ ಬಸ್ಸೊಂದು ಹಾದುಹೋಯಿತು. ಅದಕ್ಕೆ ಅರ್ಧ ದಾರಿ ಒಬ್ಬ ಡ್ರೈವರು, ಇನ್ನರ್ಧ ದಾರಿ ಇನ್ನೊಬ್ಬ. ಕೊನೆಯ ನಿಲ್ದಾಣ ಮುಟ್ಟಿದವಳೇ ಗಂಡನಿಗೆ ಫೋನು ಮಾಡಿದಳು.

"ರೀ, ಮೊದಲ ಎರಡು ರಾತ್ರಿ ನಾನು ಬುಕ್ ಮಾಡ್ತೀನಿ, ಕೊನೇ ಎರಡು ನೀವು ಮಾಡಿ. ಅದೇ ಕೋಣೆ!"

"ಅಂದ್ರೆ ಮೊದಲು ನಾನು ನಿನ್ನ ಅತಿಥಿ, ಆಮೇಲೆ ನೀನು ನನ್ನ ಅತಿಥಿ?"

"ಒತ್ರೀ ಮೊದಲು, ಆಮೇಲೆ ತಮಾಷೆ!"

ಒತ್ತಿದರು. ಸಿಕ್ಕಿಯೇಬಿಟ್ಟಿತು! ಬಸ್ ನಿಲ್ದಾಣದ ನಡುವೆ ಪಾಯಿಂಟಮ್ಮ ಕುಣಿದದ್ದನ್ನು ಕಂಡಕ್ಟರು ಈಗಲೂ ಅಭಿನಯಿಸಿ ತೋರಿಸುತ್ತಾನೆ.

ರೆಸಾರ್ಟಿನಲ್ಲಿ ಮೊದಲ ಮಧ್ಯಾಹ್ನ ಇಬ್ಬರೂ ಮಕ್ಕಳಾಗಿಬಿಟ್ಟರು. ಏನು ಕೇಳಿದರೂ ಬಿಲ್ಲಿಲ್ಲ ಎಂಬುದನ್ನು ನಂಬಲಾಗದೆ, ಖಾತ್ರಿ ಮಾಡಿಕೊಳ್ಳಲೆಂದೇ ನಾಲ್ಕು ಬಗೆಯ ಐಸ್‌ಕ್ರೀಮು ತರಿಸಿದರು. ಆದರೆ ಕತ್ತಲಾಗುತ್ತಿದ್ದಂತೆ ಅವಳು ಚಮಚ ಹಿಡಿದುಕೊಂಡೇ ತೂಕಡಿಸಿದಳು. ಅವನಿಗೋ ಆಗ ತಾನೇ ಬೆಳಗಾದಂತಿತ್ತು. ನಸುಕಿನಲ್ಲಿ ಅವಳೆದ್ದು ಬಾಗಿಲು ತೆರೆದರೆ, ರಾತ್ರಿಯಿಡೀ ಹೊರಗೆ ಅಡ್ಡಾಡಿದ್ದ ಅವನು ಆಕಳಿಸುತ್ತ ಒಳಗೆ ಬಂದ. ಮರುದಿನವೂ ಅದೇ ಕಥೆ. ಪಾಯಿಂಟು ಕೊಟ್ಟು ಇಷ್ಟು ದೂರ ಬಂದು, ಬಾಗಿಲಲ್ಲೇ ಭೇಟಿಯಾಗುವ ಭಾಗ್ಯ! ಅವಳಿಗೆ ನಗು ಬಂತು, ನಗುತ್ತ ನಗುತ್ತ ಹೊಟ್ಟೆ ಉರಿಯಿತು.

ಮೂರನೆಯ ನಸುಕಿನಲ್ಲಿ ಅವನು ಒಳಗೆ ಬರಲಿಲ್ಲ. ಬಾಗಿಲಲ್ಲಿ ಅವಳ ಕೈಹಿಡಿದು, "ನಡಿ, ಈಗ ನಾನು ನಿನ್ನ ಶಿಫ್ಟಿಗೆ ಬದಲಾಗಿದೀನಿ," ಎಂದ.

ಈಜುಕೊಳದ ಪಕ್ಕ ಎರಡು ಒರಗುಕುರ್ಚಿ ಜೋಡಿಸಿಕೊಂಡು ಕೂತರು. ಬೇಕರಿ ಯಜಮಾನರ ಸಿಡುಕಿನಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಯಿತು. ಬಿಸಿಲೇರಿತು. "ನಿಂಗೊಂದು ವಿಷಯ ಹೇಳ್ಬೇಕು ಕಣೇ, ಏನಂದ್ರೆ..." ಎಂದವನು ಅಲ್ಲೇ ನಿದ್ದೆಹೋದ.

ಎಬ್ಬಿಸಲು ಎದ್ದು ಕೈ ಚಾಚಿದವಳು ಹಾಗೇ ನಿಂತಳು. ಮನೆಯಲ್ಲಿ ತನ್ನ ರಜೆಯ ದಿನ, ಪರದೆ ಎಳೆದ ಕತ್ತಲಲ್ಲಿ, ತಲೆಯವರೆಗೆ ಹೊದ್ದ ಹೊದಿಕೆಯನ್ನಷ್ಟೇ ಅವಳು ಕಂಡಿದ್ದಳು. ಇವನು ನಿದ್ದೆಯಲ್ಲಿ ನಗುತ್ತಾನೆ! ಎಡಹುಬ್ಬಿನಲ್ಲಿ ಒಂದು ಬಿಳಿ ಕೂದಲಿದೆ, ಅದು ಯಾವಾಗ ಬಂತೋ. ಮುಂಗೈ ತುಂಬ ಒಲೆಯ ಸುಟ್ಟ ಗುರುತು, ಕೆಲವು ಹಳೆಯವು, ಕೆಲವು ಹೊಸವು. ಒಂದನ್ನೂ ಅವನು ಹೇಳಿರಲಿಲ್ಲ. ಅವಳಿಗೆ ಸಂಕಟವಾಯಿತು, ಜೊತೆಗೇ ಕುಣಿಯುವಷ್ಟು ಸಂತೋಷವೂ ಆಯಿತು. ಛತ್ರಿಯನ್ನು ಅವನ ಮುಖದ ಮೇಲೆ ನೆರಳು ಬೀಳುವಂತೆ ಸರಿಸಿ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು.

ಸಪ್ಲೈಯರು ಬಂದು ಮೆಲ್ಲಗೆ ಕೇಳಿದ: "ಮೇಡಂ, ಊಟದ ಹೊತ್ತು ಮುಗೀತಾ ಬಂತು. ಸಾರನ್ನ ಎಬ್ಬಿಸ್ಲಾ?"

"ಬೇಡಪ್ಪಾ, ಎಬ್ಬಿಸ್ಬೇಡ," ಎಂದಳು ಅವಳು, ಕಣ್ಣು ಕದಲಿಸದೆ. "ನಾನಿನ್ನೂ ನೋಡಿ ಮುಗಿಸಿಲ್ಲ."