ಸೃಷ್ಟಿಯ ಪ್ರಬಂಧದೊಳಗಿನ ಏಳು ಸೀರೆ

ಭಾನುವಾರ ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಬಡಿದಿಡುವುದು ನನ್ನ ರೂಢಿ. ಉಳಿದ ದಿನಗಳು ಮಾದನಹಿಪ್ಪರಗಾದಲ್ಲಿ ನಾನು ಕಲಿಸುವ ಶಾಲೆಗೆ, ಆಳಂದದಿಂದ ಅಲ್ಲಿಗೆ ಓಡಾಡುವ ಬಸ್ಸಿಗೆ ಹೋಗುತ್ತವೆ. ಒಲೆಯ ಪಕ್ಕ ಕೂತು ಮಗಳು ಸೃಷ್ಟಿ ತನ್ನ ಎಂ.ಎ. ಪ್ರಬಂಧ ಓದುತ್ತಿದ್ದಳು. ತವರಿನ ಹೊಲದ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟ ಅತನೂರಿನ ಹೆಣ್ಣುಮಕ್ಕಳ ಬಗ್ಗೆ ಅದು. ಅತನೂರು ನನ್ನ ತವರು. ಹೋದ ವರ್ಷ ನಾಗರಪಂಚಮಿಗೆ ಅಣ್ಣತಮ್ಮಂದಿರು ಕರೆತಂದಿದ್ದ ಆರು ಮಂದಿಯನ್ನು ನಾನೇ ಮಾತಾಡಿಸಿಕೊಟ್ಟಿದ್ದೆ. ಏಳನೆಯವಳು ನಾನು.

"ಗೈಡ್ ಸರ್ ಎರಡು ಪತ್ರಿಕಿ ಹೇಳ್ಯಾರ ಅವ್ವ. ದಿಲ್ಲಿದು ಇಂಗ್ಲಿಷ್, ಕಲಬುರಗಿದು ಕನ್ನಡ. ದಿಲ್ಲಿದಾದ್ರ ಹೆಸರು ಬರ್ತದ."

"ಮೊದಲ ಓದು."

"ಮೂರನೆಯ ಮಹಿಳೆ. ಸಹಿ ಮಾಡಿದ ದಿನ ಅಣ್ಣ ಗಿಳಿಹಸಿರು ಇಳಕಲ್ ಸೀರೆ ಕೊಟ್ಟು ಉಡಿ ತುಂಬಿದ. ಸಹಿ ಮಾಡದಿದ್ದರೆ ಮುಂದೆ ತವರಿಗೆ ಕರೆಯುವುದಿಲ್ಲವೆಂಬ ಹೆದರಿಕೆಗೆ ಮಾಡಿದೆ ಎನ್ನುತ್ತಾರೆ..."

"ಇದು ನಿಂಬೆವ್ವಂದು," ಅಂದೆ.

"ಹೆಸರೇ ಬರದಿಲ್ಲಲ್ಲ!"

"ಸೀರಿ ಬರದಿಯಲ್ಲ ಬೇ. ಉಡಿ ತುಂಬಿದ ಸೀರಿ ಓಣಿಗೆಲ್ಲ ತೋರಸ್ತಾರ. ಯಾರಿಗಿ ಯಾವ ಬಣ್ಣ ಬಂತಂತ ಅತನೂರಾಗ ಎಲ್ಲಾರಿಗೂ ಗೊತ್ತದ. ಆಕಿ ಅಣ್ಣ ಇದನ್ನ ಓದಿದ್ರ, ಮತ್ತ ಕರೀತಾನೇನು?"

ಸೃಷ್ಟಿಯ ಮುಖ ಸಣ್ಣದಾಯಿತು. "ಸರ್ ಆ ಬಣ್ಣಕ್ಕೇ ಮೆಚ್ಯಾರ."

"ಹಂಗಾರ ನಿಮ್ಮ ಸರ್‌ಗೂ ಒಂದು ಸೀರಿ ಉಡಸು."

ಅವಳು ನಗಲಿಲ್ಲ. ನನ್ನ ಭಾಗ ಓದಿದಳು. "ಏಳನೆಯ ಮಹಿಳೆ ಶಿಕ್ಷಕಿ. ಕುಸುಬಿ ಹೂವಿನ ಬಣ್ಣದ ಸೀರೆ. ಅತ್ಯಂತ ನೋವಿನಿಂದ ಸಹಿ ಮಾಡಿದರು."

"ನೋವಂತ ನಾ ಅಂದಿದ್ನೇನು?"

"ಸರ್ ಸೇರಿಸ್ಯಾರ. ಏನೂ ಅನಸಲಿಲ್ಲ ಅಂದ್ರ ಓದೋರು ನಂಬಂಗಿಲ್ಲಂತ."

"ಅಳಸು. ಏನೂ ಅನಸಲಿಲ್ಲಂತನೇ ಬರಿ."

ಅಫಜಲಪುರದ ನೋಂದಣಿ ಕಚೇರಿಯಲ್ಲಿ ಆವತ್ತು, ಹೆಬ್ಬೆರಳಿಗೆ ಹತ್ತಿದ ಶಾಯಿಯನ್ನು ಎಲ್ಲಿ ತೊಳೆಯುವುದು ಎಂದಷ್ಟೇ ನಾನು ಯೋಚಿಸಿದ್ದು. ತಮ್ಮ ಅನೀಲಕುಮಾರ ಪಕ್ಕದ ಹೋಟೆಲಿನಿಂದ ನೀರು ತಂದುಕೊಟ್ಟಿದ್ದ.

"ಆರು ಮಂದೀದು ಬಣ್ಣ, ಅಂಚು ಎಲ್ಲಾ ತಗಿ. ಬರೀ ಸೀರಿ ಅನ್ನು. ನಂದು ಇದ್ದಂಗ ಇರ್ಲಿ. ಕನ್ನಡದ್ದಕ್ಕ ಕಳಸು."

"ಅನೀಲ ಮಾಮಾ ಆ ಪತ್ರಿಕಿ ತರಸ್ತಾನ ಅವ್ವ. ದಿಲ್ಲಿಗಿ ಕಳಸಿದ್ರ ಯಾರಿಗೂ ಗೊತ್ತಾಗಂಗಿಲ್ಲ."

"ದಿಲ್ಲಿಗಿ ಕಳಸಿದ್ರ ನಿಂಬೆವ್ವಗ ಯಾರು ಓದಿ ಹೇಳ್ತಾರ? ಆಕಿ ಕೇಳ್ಯಾಳ, ಅಚ್ಚಾದ ಮ್ಯಾಲ ಓದಿ ಹೇಳ್ರಿ ಅಂತ."

"ಮಾಮಾ ನಿನಗ ಕರೀಲಿಕ್ಕ ಬರಲಿಲ್ಲಂದ್ರ?"

ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಒಂದು ಗಳಿಗೆ ಕಾದೆ. ಹಂಚಿನ ಮೇಲಿನ ರೊಟ್ಟಿ ಹೊತ್ತುವಂತಿತ್ತು, ತಿರುವಿ ಹಾಕಿದೆ.

"ನಿಂದಷ್ಟೇ ಯಾಕ ಬಣ್ಣ ಇರಬೇಕು? ಅದೂ ತಗೀತೇನಿ," ಅಂದಳು.

"ಎಲ್ಲಾರದೂ ತಗದ್ರ ಉಡಿ ತುಂಬಿದ್ದು ಸುಳ್ಳನಸ್ತದ. ಒಂದಾದ್ರೂ ಖರೇ ಇರ್ಲಿ. ಅದು ನಂದೇ ಇರ್ಲಿ."

ಅವಳು ತಿದ್ದಿದಳು. ನಾನು ಕಾಗುಣಿತ ನೋಡಿಕೊಟ್ಟೆ. ಪ್ರಬಂಧ ಕಲಬುರಗಿಯ ಪತ್ರಿಕೆಯ ಜೂನ್ ಸಂಚಿಕೆಯಲ್ಲಿ ಬಂತು.

ಪಂಚಮಿಯ ಹಿಂದಿನ ದಿನ ಗಂಡನ ಮನೆ ಜೇವರ್ಗಿಯಿಂದ ನಿಂಬೆವ್ವನ ಫೋನು. ಅಣ್ಣ ಗಾಡಿ ತಂದಿದ್ದಾನೆ, ಹೊರಟಿದ್ದೇನೆ, ನೀವೂ ಬರ್ರಿ, ಓದಿ ಹೇಳ್ರಿ ಅಂದಳು. ಸೃಷ್ಟಿಗೆ ಫೋನು ಕೊಟ್ಟೆ. ಅವಳು ಅಂಗಳದಲ್ಲಿ ನಿಂತು ಕೊನೆಯತನಕ ಓದಿ ಹೇಳಿದಳು.

ನನ್ನನ್ನು ಕರೆಯಲು ಅನೀಲಕುಮಾರ ಬರಲಿಲ್ಲ. ಫೋನೂ ಮಾಡಲಿಲ್ಲ. ಪಂಚಮಿಗೆಂದು ಹಾಕಿದ್ದ ರಜೆ ವಾಪಸ್ ತೆಗೆದುಕೊಂಡು, ಮರುದಿನ ಮಾದನಹಿಪ್ಪರಗಾದ ಬಸ್ಸು ಹತ್ತಿದೆ.