ತಿರುವಿನ ಅಡಿಯ ಮನೆ

ನಮ್ಮ ನೆಲಮಾಳಿಗೆಯಲ್ಲಿ ಭಾನುವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ರೈಲು ಓಡುವಂತಿಲ್ಲ. ಅದು ಊರಿನವರ ವಿಶ್ರಾಂತಿಯ ಹೊತ್ತು. ಆ ಊರು ಇರುವುದು ಪ್ಲೈವುಡ್ ಹಲಗೆಯ ಮೇಲೆ, ಅಲ್ಲಿರುವವರು ಎರಡು ಸೆಂಟಿಮೀಟರ್ ಎತ್ತರದ ಗೊಂಬೆಗಳು. ಆದರೂ ನಿಯಮ ನಿಯಮವೇ.

ಆ ಹಲಗೆಯ ಊರಿನ ಮೂಲ, ನಿಜವಾದ ಲುಟ್ನಿಟ್ಸ್, ಈಗಿಲ್ಲ. ಅದರ ಅಡಿಯಲ್ಲಿ ಕಲ್ಲಿದ್ದಲು ಇತ್ತು. ಎಂಬತ್ಮೂರನೇ ಇಸವಿಯಲ್ಲಿ ಗಣಿಯ ಯಂತ್ರ ಬಂದು ಚರ್ಚಿನಿಂದ ಹಿಡಿದು ಬಾತುಕೋಳಿ ಕೆರೆಯವರೆಗೆ ಎಲ್ಲವನ್ನೂ ಅಗೆದು ತೆಗೆಯಿತು. ನಮ್ಮನ್ನು ಹದಿನೈದು ಕಿಲೋಮೀಟರ್ ಆಚೆಯ ಹೊಸ ಬಡಾವಣೆಗೆ ತಂದು ಬಿಟ್ಟರು. ನಾನು ಲೈಪ್ಜಿಗ್‌ನಲ್ಲಿ ಓದಿ ಆ ಊರಿಗೆ ಭೂಗೋಳ ಕಲಿಸಲು ಹೋದವಳು. ನಾನು ನಕಾಶೆಯಲ್ಲಿ ತೋರಿಸುತ್ತಿದ್ದ ಊರೇ ನಕಾಶೆಯಿಂದ ಹೋಯಿತು. ನನ್ನ ಗಂಡ ಎಕಾರ್ಟ್ ಅಲ್ಲಿಯೇ ಹುಟ್ಟಿ ಬೆಳೆದವನು. ನಲವತ್ತು ವರ್ಷ ಕಟ್ಟುಹಲ್ಲು ಮಾಡುವ ಕೆಲಸದಲ್ಲಿದ್ದ. ನಿವೃತ್ತನಾದ ಮೇಲೆ ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನಲ್ಲೇ ಊರನ್ನು ಕಟ್ಟತೊಡಗಿದ. ಒಂದೊಂದು ಮನೆಯೂ ನಿಜವಾದ ಮನೆಯ ಎಂಬತ್ತೇಳನೇ ಒಂದು ಪಾಲು. ರೈಲು ಊರನ್ನು ಒಂದು ಪೂರ್ತಿ ಸುತ್ತು ಹಾಕಿ ಮತ್ತೆ ನಿಲ್ದಾಣಕ್ಕೆ ಬರಬೇಕು ಎಂಬುದು ಅವನ ಹನ್ನೊಂದು ವರ್ಷದ ಆಸೆ.

ಸುದ್ದಿ ತಿಳಿದು ಹಳೆಯ ಊರಿನವರು ಬಂದರು. ಮೊದಲು ಕಣ್ಣೊರೆಸಿಕೊಂಡರು, ಆಮೇಲೆ ತಪ್ಪು ಹುಡುಕಿದರು. ಬೇಕರಿಯ ಬಾಗಿಲು ಹಸಿರಿರಬೇಕಿತ್ತು. ಹೆರ್ಟಾ ಡೊಮಾಷ್ಕೆ ತನ್ನ ಅಂಗಳಕ್ಕೆ ಪಕ್ಕದ ಮನೆಯ ಬೇಲಿಗಿಡ ನಾಲ್ಕು ಮಿಲಿಮೀಟರ್ ಚಾಚಿದೆಯೆಂದು ಲಿಖಿತ ದೂರು ಕೊಟ್ಟಳು. ಎಕಾರ್ಟ್ ಅದನ್ನು ಉಗುರು ಕತ್ತರಿಯಿಂದ ಸವರಿ, ದೂರನ್ನು ಒಂದು ಫೈಲಿಗೆ ಸೇರಿಸಿದ. ವರ್ಷದೊಳಗೆ ಫೈಲು ದಪ್ಪವಾಯಿತು. ಊರಿನ ಕೊನೆಯ ಮೇಯರ್ ರೋಸ್ವಿಟಾ ಪೆಟ್ರಿಕ್, ಈಗ ಎಪ್ಪತ್ತೊಂಬತ್ತರ ಮುದುಕಿ, ಪಂಚಾಯಿತಿಯ ಹಿತ್ತಾಳೆ ಗಂಟೆಯನ್ನೂ ಮೊಹರನ್ನೂ ಎಲ್ಲಿಂದಲೋ ಹುಡುಕಿ ತಂದಳು. ಮಧ್ಯಾಹ್ನದ ನಿಯಮ ಅವಳದೇ. ರೈಲು ಮೊದಲ ಸುತ್ತು ಹಾಕುವ ದಿನವನ್ನೂ ಅವಳೇ ಗೊತ್ತು ಮಾಡಿದಳು: ಸೆಪ್ಟೆಂಬರ್ ಮೊದಲ ಭಾನುವಾರ.

ಆಗಸ್ಟಿನಲ್ಲಿ ಟ್ರೌಗೊಟ್ ಲೇನಿಕ್ ಬಂದರು. ಎಂಬತ್ತನಾಲ್ಕು ವರ್ಷ. ಇಷ್ಟು ದಿನ ದೂರದಲ್ಲಿ ಮಗಳ ಮನೆಯಲ್ಲಿದ್ದು, ಸೊಂಟದ ಆಪರೇಷನ್ ಆದ ಮೇಲೆ ನಮ್ಮ ಬಡಾವಣೆಗೆ ಮರಳಿದ್ದರು. ಕೈಯಲ್ಲಿ ತಾವೇ ಹಾಕಿದ ಸೌತೆಕಾಯಿ ಉಪ್ಪಿನಕಾಯಿಯ ಬಾಟಲಿ. ಅದನ್ನು ನನ್ನ ಕೈಗಿತ್ತು, ಹಲಗೆಯ ಮೇಲೆ ಬಾಗಿ ಬಹಳ ಹೊತ್ತು ನೋಡಿದರು.

"ಲೋ ಎಕಾರ್ಟ್, ನಾನೆಲ್ಲಪ್ಪ ಇದೀನಿ?"

"ಅಂದ್ರೆ?"

"ಇದು ಬೇಕರಿ. ಬೇಕರಿ ಪಕ್ಕ ನಾನಿರ್ಬೇಕಿತ್ತು. ಹಳಿ ಇದೆ."

ಎಕಾರ್ಟ್ ಕನ್ನಡಕ ತೆಗೆದು ಒರೆಸಿದ. "ತಿರುವಿಗೆ ಜಾಗ ಸಾಲ್ಲಿಲ್ಲ ಟ್ರೌಗೊಟ್. ಇನ್ನೂ ಬಿಗಿ ಮಾಡಿದ್ರೆ ಡಬ್ಬಿ ಉರುಳ್ತವೆ. ಆಚೆ ಗೋಡೆ. ಊರಿಗೋಸ್ಕರ ಒಂದೇ ಒಂದು ಮನೆ ಬಿಡ್ಬೇಕಾಯ್ತು."

"ಆಗ್ಲೂ ಹಿಂಗೇ ಅಂದಿದ್ರು," ಎಂದರು ಟ್ರೌಗೊಟ್, ಸಿಟ್ಟಿಲ್ಲದೆ.

ರೋಸ್ವಿಟಾ ಮುಂದಿನ ಭಾನುವಾರವೇ ಸಭೆ ಕರೆದಳು. ಹತ್ತೊಂಬತ್ತು ಜನ ಹಲಗೆಯ ಸುತ್ತ ಕಾಫಿ ಹಿಡಿದು ನಿಂತರು. ನಾನು ಪ್ಲಮ್ ಕೇಕ್ ಮಾಡಿದ್ದೆ. ಗಂಟೆ ಬಾರಿಸಿ, ಲೇನಿಕ್ ಕುಟುಂಬಕ್ಕೆ ಹಲಗೆಯ ಇನ್ನೊಂದು ತುದಿಯಲ್ಲಿ, ರೈಲಿನ ಸುರಂಗದ ಆಚೆ, ಬದಲಿ ನಿವೇಶನ ಕೊಡುವ ಪ್ರಸ್ತಾಪವನ್ನು ಅವಳು ಓದಿದಳು.

"ಒಳ್ಳೇ ಜಾಗ ಟ್ರೌಗೊಟ್. ಬಿಸಿಲು ಚೆನ್ನಾಗಿ ಬೀಳತ್ತೆ, ಟ್ಯೂಬ್‌ಲೈಟ್ ಅಲ್ಲೇ ಇರೋದು."

"ಅಕ್ಕಪಕ್ಕ ಯಾರು?"

"ಸದ್ಯಕ್ಕೆ ಫ್ಯೂಸ್ ಡಬ್ಬಿ."

"ಮಾತು ಕಮ್ಮಿ, ನಿಂಗೆ ಸರಿಹೋಗತ್ತೆ," ಎಂದಳು ಹೆರ್ಟಾ.

"ನನ್ನ ಪ್ಲಮ್ ಮರ?"

"ಎರಡು ಕೊಡ್ತೀವಿ."

"ಆಗ್ಲೂ ಎರಡು ಕೊಟ್ರು. ಒಂದೂ ಬದುಕಲಿಲ್ಲ."

ರೋಸ್ವಿಟಾ ಮತಕ್ಕೆ ಹಾಕಿದಳು. ಒಂದೊಂದಾಗಿ ಕೈಗಳು ಮೇಲೆದ್ದವು. ಅವುಗಳ ನಡುವೆ ಟ್ರೌಗೊಟ್‌ರ ಕೈಯೂ ಇತ್ತು.

"ನೀನ್ಯಾಕಪ್ಪ ಎತ್ತಿದೀಯ?"

"ರೈಲು ಓಡ್ಲಿ ಬಿಡು ರೋಸ್ವಿಟಾ. ಅವನು ಹನ್ನೊಂದು ವರ್ಷದಿಂದ ಕಾಯ್ತಿದಾನೆ. ನಂಗೆ ಇದೆಲ್ಲ ಅಭ್ಯಾಸ ಇದೆ."

ಮೇಲೆದ್ದ ಕೈಗಳು ಮೆಲ್ಲಗೆ ಕೆಳಗಿಳಿದವು. ಹೆರ್ಟಾ ತಾನು ಕೂದಲು ಸರಿಮಾಡಿಕೊಳ್ಳುತ್ತಿದ್ದವಳಂತೆ ನಟಿಸಿದಳು. ಆಮೇಲೆ ತನ್ನ ತಟ್ಟೆಯ ಕೇಕನ್ನು, ಇನ್ನೂ ಮುಟ್ಟದ ದೊಡ್ಡ ತುಂಡನ್ನು, ಟ್ರೌಗೊಟ್‌ರ ತಟ್ಟೆಗೆ ಸರಿಸಿದಳು. ರೋಸ್ವಿಟಾ ನಡಾವಳಿ ಪುಸ್ತಕದಲ್ಲಿ "ತೀರ್ಮಾನವಿಲ್ಲ" ಎಂದು ಬರೆದಳು.

ಸೋಮವಾರ ಬೆಳಿಗ್ಗೆ ಕೆಳಗಿನಿಂದ ಗರಗಸದ ಸದ್ದು ಕೇಳಿಸಿತು. ಇಳಿದು ನೋಡಿದರೆ ತಿರುವೇ ಇರಲಿಲ್ಲ. ಹಳಿಗಳನ್ನು ಕಿತ್ತು ಪಕ್ಕಕ್ಕಿಟ್ಟು, ಎಕಾರ್ಟ್ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದ.

"ಮತ್ತೆ ರೈಲು?" ಎಂದೆ.

"ಟ್ರೌಗೊಟ್ ಮನೆವರೆಗೆ ಹೋಗತ್ತೆ. ಹಾಗೇ ಹಿಂದಕ್ಕೆ ಬರತ್ತೆ."

"ಪೂರ್ತಿ ಸುತ್ತು ಬೇಕು ಅಂತಿದ್ದೆಯಲ್ಲ."

ಅವನು ತಲೆಯೆತ್ತಲಿಲ್ಲ. "ಲುಟ್ನಿಟ್ಸ್‌ನಲ್ಲಿ ರೈಲು ಯಾವತ್ತು ಸುತ್ತು ಹೊಡೀತಿತ್ತು ಹೇಳು. ಕಾಟ್‌ಬುಸ್‌ಗೆ ಹೋಗ್ತಿತ್ತು, ವಾಪಸ್ ಬರ್ತಿತ್ತು."

ಸೆಪ್ಟೆಂಬರ್ ಮೊದಲ ಭಾನುವಾರ, ರೋಸ್ವಿಟಾಳ ಭಾಷಣದಿಂದ ಕೊಂಚ ತಡವಾಗಿ, ರೈಲು ನಿಲ್ದಾಣ ಬಿಟ್ಟು, ಕೆರೆ ದಾಟಿ, ಬೇಕರಿಯ ಮುಂದೆ ಹಾದು, ಲೇನಿಕ್ ಮನೆಯ ಬೇಲಿಗೆ ಎರಡು ಬೆರಳಿನ ದೂರದಲ್ಲಿ ನಿಂತಿತು. ಒಂದು ಕ್ಷಣ ಯೋಚಿಸಿದಂತೆ ಮಾಡಿ ಹಿಂದಕ್ಕೆ ಹೊರಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಟ್ರೌಗೊಟ್ ಭೂತಗನ್ನಡಿ ಹಿಡಿದು ಅರ್ಧ ಗಂಟೆ ತಮ್ಮ ಮನೆಯನ್ನೇ ನೋಡಿದರು. ಪ್ಲಮ್ ಮರ ಒಂದೇ ಇತ್ತು, ಹಳೆಯದು, ಬಾವಿಯ ಕಡೆಗೆ ಬಾಗಿದ್ದು. ಏನೂ ಹೇಳದೆ ಕೋಟು ಹಾಕಿಕೊಂಡು ಹೋದರು. ಎಕಾರ್ಟ್ ಆ ವಾರವಿಡೀ ಸಪ್ಪಗಿದ್ದ.

ಮುಂದಿನ ಭಾನುವಾರ ಟ್ರೌಗೊಟ್ ಊಟದ ಹೊತ್ತಿಗೆ ಬಂದರು. ಈ ಸಲ ಉಪ್ಪಿನಕಾಯಿ ಇರಲಿಲ್ಲ, ಲಕೋಟೆ ಇತ್ತು. ಎಕಾರ್ಟ್ ಅದನ್ನು ಒಡೆದು ಗಟ್ಟಿಯಾಗಿ ಓದಿದ.

"ಹೋದ ಭಾನುವಾರ ಮಧ್ಯಾಹ್ನ ಒಂದು ಗಂಟೆ ನಾಲ್ಕು ನಿಮಿಷಕ್ಕೆ ನನ್ನ ಮಲಗುವ ಕೋಣೆಯ ಕಿಟಕಿಯೆದುರು ರೈಲು ನಿಂತಿದ್ದನ್ನು ಕಂಡಿದ್ದೇನೆ. ವಿಶ್ರಾಂತಿಯ ನಿಯಮವನ್ನು ಎಲ್ಲ ನಿವಾಸಿಗಳಿಗೂ ಸಮನಾಗಿ ಪಾಲಿಸಬೇಕೆಂದು ಕೋರುತ್ತೇನೆ. ಟ್ರೌಗೊಟ್ ಲೇನಿಕ್, ಮನೆ ಸಂಖ್ಯೆ ಹದಿನಾಲ್ಕು, ಲುಟ್ನಿಟ್ಸ್."

ಎಕಾರ್ಟ್ ಅದನ್ನು ಇನ್ನೊಮ್ಮೆ ಓದಿದ, ಈ ಸಲ ಮನಸ್ಸಿನಲ್ಲೇ.

"ನಾಲ್ಕಲ್ಲ ಟ್ರೌಗೊಟ್, ಎರಡು ನಿಮಿಷ ಇರ್ಬೇಕು."

"ನಾಲ್ಕು. ನನ್ನ ಮನೆ ಮುಂದೆ ನಿಂತಿದ್ದು, ನಂಗೊತ್ತಿಲ್ವಾ?"

ಒಂದಕ್ಕೆ ಇನ್ನೂ ಐದು ನಿಮಿಷವಿತ್ತು. ಎಕಾರ್ಟ್ ಕೆಳಗಿಳಿದು, ಬೇಲಿಯ ಬಳಿ ನಿಂತಿದ್ದ ರೈಲನ್ನು ಸದ್ದಾಗದಂತೆ ನಿಧಾನವಾಗಿ ಹಿಂದಕ್ಕೆ ತಂದು, ದೀಪ ಆರಿಸಿ, ಕಾಗದಕ್ಕೆ ತೂತು ಹೊಡೆದು ಫೈಲಿಗೆ ಸೇರಿಸಿದ. ನಾನು ಊಟದ ಮೇಜಿನ ಮೇಲೆ ಇನ್ನೊಂದು ತಟ್ಟೆ ಇಟ್ಟೆ.